ಬ್ರೆಡ್ ಯಂತ್ರ ಕೊಳ್ಳುವ ಮೊದಲು

ಬ್ರೆಡ್ ಯಂತ್ರ ಎಂಬುದು ಅನ್ನದ ಕುಕ್ಕರಿಗಿಂತ ತುಸು ದೊಡ್ಡದಾದ ಪೆಟ್ಟಿಗೆ. ಒಳಗೆ ಬಿಡಿಸಿ ತೆಗೆಯಬಹುದಾದ ಒಂದು ಪಾತ್ರೆ, ಅದರ ತಳದಲ್ಲಿ ತಿರುಗುವ ಪುಟ್ಟ ರೆಕ್ಕೆ, ಪಾತ್ರೆಯ ಸುತ್ತ ಹೀಟರ್ ಸುರುಳಿ, ಇವೆಲ್ಲಕ್ಕೂ ಯಜಮಾನನಾಗಿ ಒಂದು ಟೈಮರ್. ನೀರು, ಹಿಟ್ಟು, ಉಪ್ಪು, ಸಕ್ಕರೆ, ಎಣ್ಣೆ, ಯೀಸ್ಟ್ ಹಾಕಿ ಗುಂಡಿ ಒತ್ತಿದರೆ ಯಂತ್ರ ಇಪ್ಪತ್ತು ಇಪ್ಪತ್ತೈದು ನಿಮಿಷ ಹಿಟ್ಟು ನಾದುತ್ತದೆ, ಮುಚ್ಚಿದ ಪೆಟ್ಟಿಗೆಯಲ್ಲೇ ಬೆಚ್ಚಗಿಟ್ಟು ಉಬ್ಬಲು ಬಿಡುತ್ತದೆ, ಉಬ್ಬಿದ್ದನ್ನು ಒಮ್ಮೆ ತಿರುವಿ ಗಾಳಿ ಇಳಿಸುತ್ತದೆ, ಮತ್ತೆ ಉಬ್ಬಿದ ಮೇಲೆ ಅದೇ ಪಾತ್ರೆಯಲ್ಲಿ ಬೇಯಿಸುತ್ತದೆ. ಒಟ್ಟು ಮೂರರಿಂದ ನಾಲ್ಕು ಗಂಟೆ. ಅದರಲ್ಲಿ ಮನೆಯವರ ಪಾಲಿನ ಕೆಲಸ ಅಳತೆ ಹಾಕುವ ಐದು ನಿಮಿಷ, ಕೊನೆಗೆ ಪಾತ್ರೆಯನ್ನು ಬೋರಲು ಹಾಕಿ ಬ್ರೆಡ್ಡು ಬೀಳಿಸಿಕೊಳ್ಳುವ ಒಂದು ನಿಮಿಷ. ರೆಕ್ಕೆ ಎಷ್ಟೋ ಸಲ ಬ್ರೆಡ್ಡಿನ ಹೊಟ್ಟೆಯಲ್ಲೇ ಉಳಿದು ಬರುವುದರಿಂದ ತಳದಲ್ಲಿ ಒಂದು ತೂತು ಬೀಳುತ್ತದೆ. ಯಂತ್ರದ ಬ್ರೆಡ್ಡನ್ನು ಗುರುತು ಹಿಡಿಯಲು ಆ ತೂತೇ ಸಾಕು.

ಮನೆಬಳಕೆಯ ಇಂಥ ಸ್ವಯಂಚಾಲಿತ ಯಂತ್ರವನ್ನು ಮೊದಮೊದಲು ಮಾರುಕಟ್ಟೆಗೆ ತಂದವರಲ್ಲಿ ಜಪಾನಿನ ಮತ್ಸುಶಿತ ಕಂಪನಿ, ಅಂದರೆ ಇಂದಿನ ಪ್ಯಾನಸೋನಿಕ್, ಒಂದು; ಅದರ ಯಂತ್ರ ಬಂದದ್ದು 1987ರಲ್ಲಿ. ಅದರ ಹಿಂದಿನ ಕಥೆ ಸ್ವಾರಸ್ಯದ್ದು. ಆರಂಭದ ಮಾದರಿಗಳಲ್ಲಿ ಬ್ರೆಡ್ಡಿನ ಹೊರಪದರ ಸುಟ್ಟು ಒಳಗೆ ಹಸಿ ಉಳಿಯುತ್ತಿತ್ತು. ಕಂಪನಿಯ ತಂತ್ರಾಂಶ ವಿಭಾಗದ ಇಕುಕೊ ತನಾಕ ಒಸಾಕ ಇಂಟರ್‌ನ್ಯಾಷನಲ್ ಹೋಟೆಲಿನ ಮುಖ್ಯ ಬೇಕರಿಯವರ ಬಳಿ ಶಿಷ್ಯೆಯಾಗಿ ನಿಂತು ನೋಡಿದರು. ಆ ಕೈಗಳು ಹಿಟ್ಟನ್ನು ಎಳೆಯುವುದಷ್ಟೇ ಅಲ್ಲ, ಎಳೆಯುತ್ತಲೇ ತಿರುಚುತ್ತವೆ ಎಂಬುದು ಅವರ ಕಣ್ಣಿಗೆ ಬಿತ್ತು. ಎಂಜಿನಿಯರುಗಳು ಪಾತ್ರೆಯ ಒಳಗೋಡೆಗೆ ಏಣುಗಳನ್ನು ಕೂರಿಸಿ ಆ ತಿರುಚನ್ನು ಯಂತ್ರಕ್ಕೆ ಕಲಿಸಿದರು. ಯಂತ್ರದ ಹೆಚ್ಚುಗಾರಿಕೆ ಇರುವುದು ನಾದುವುದರಲ್ಲಿ. ಬೇಯಿಸುವ ಕೆಲಸವನ್ನು ಯಾವ ಒಲೆಯೂ ಮಾಡೀತು. ಕೊಳ್ಳಬೇಕೋ ಬೇಡವೋ ಎಂಬ ತೀರ್ಮಾನಕ್ಕೂ ಇದೇ ಬುನಾದಿ.

ಅಮೆರಿಕದಲ್ಲಿ 1990ರ ದಶಕದಲ್ಲಿ ಈ ಯಂತ್ರ ಮನೆಮನೆಗೂ ನುಗ್ಗಿತು. ಕೆಲವೇ ವರ್ಷಗಳಲ್ಲಿ ಅವುಗಳಲ್ಲಿ ಬಹುಪಾಲು ಕಪಾಟಿನ ಮೇಲಂತಸ್ತು ಸೇರಿ, ಅಲ್ಲಿಂದ ಹಳೆ ಸಾಮಾನಿನ ಅಂಗಡಿಗೆ ಇಳಿದವು. 2020ರ ಲಾಕ್‌ಡೌನಿನಲ್ಲಿ ಮತ್ತೆ ಬೇಡಿಕೆ ಬಂತು, ಯೀಸ್ಟ್ ಸಿಗದ ಪರಿಸ್ಥಿತಿಯೂ ಬಂತು. ದಿನವೂ ಬ್ರೆಡ್ ತಿನ್ನುವ ದೇಶದಲ್ಲೇ ಹೀಗಾದರೆ, ರಾಗಿಮುದ್ದೆ ಉಣ್ಣುವ ಸೀಮೆಯಲ್ಲಿ ಇದರ ಗತಿಯೇನು ಎಂದು ಕೇಳುವುದು ಸಹಜ.

ಕಡೂರು ಸೀಮೆಯ ಲೆಕ್ಕ

ಚೌಳಹಿರಿಯೂರು, ಕಡೂರು, ಅಜ್ಜಂಪುರದ ಬಯಲು ಚಿಕ್ಕಮಗಳೂರು ಜಿಲ್ಲೆಯಲ್ಲಿದ್ದರೂ ಮಲೆನಾಡಿನ ಮಳೆ ಕಾಣದ ನೆಲ. ರಾಗಿ, ತೆಂಗು, ಅಡಿಕೆ, ಈರುಳ್ಳಿ ಇಲ್ಲಿನ ಬದುಕು. ಗೋಧಿಯನ್ನು ಅಂಗಡಿಯಿಂದ ತರಬೇಕು. ಬೆಳಿಗ್ಗೆಗೆ ರೊಟ್ಟಿ, ಉಪ್ಪಿಟ್ಟು, ದೋಸೆ, ಚಿತ್ರಾನ್ನ, ಹೊತ್ತಿಗೆ ಮುದ್ದೆ. ಬ್ರೆಡ್ಡಿಗೆ ಈ ಅಡುಗೆಮನೆಯಲ್ಲಿ ಬಹುಕಾಲ ಇದ್ದದ್ದು ಒಂದೇ ಸ್ಥಾನ, ಜ್ವರ ಬಂದವರ ತಟ್ಟೆ. ಆಸ್ಪತ್ರೆಗೆ ನೋಡಲು ಹೋಗುವವರ ಕೈಚೀಲದಲ್ಲಿ ಒಂದು ಪೌಂಡ್ ಬ್ರೆಡ್ಡು, ನಾಲ್ಕು ಮೋಸಂಬಿ ಇರುವುದು ಇಂದಿಗೂ ತಪ್ಪಿಲ್ಲ.

ಆ ಸ್ಥಾನ ಈಗ ಬದಲಾಗುತ್ತಿದೆ. ಶಾಲೆಯ ಡಬ್ಬಿಗೆ ಸ್ಯಾಂಡ್‌ವಿಚ್, ಸಂಜೆಗೆ ಟೋಸ್ಟ್, ಸಕ್ಕರೆ ಕಾಯಿಲೆಯವರಿಗೆ ಗೋಧಿ ಬ್ರೆಡ್ಡು ಎಂದು ಬೇಡಿಕೆ ಬೆಳೆದಿದೆ. ಅದನ್ನು ಪೂರೈಸುವವರೂ ಹತ್ತಿರದಲ್ಲೇ ಇದ್ದಾರೆ. 1898ರಲ್ಲಿ ಬೆಂಗಳೂರಿನಲ್ಲಿ ಎಚ್.ಎಸ್. ತಿರುಮಲಾಚಾರ್ ಆರಂಭಿಸಿದ ಬಿ.ಬಿ. ಬೇಕರಿಯಿಂದ ಬೆಳೆದ ಅಯ್ಯಂಗಾರ್ ಬೇಕರಿಗಳ ಪರಂಪರೆ ಹಾಸನ ಜಿಲ್ಲೆಯವರ ಕೈಗುಣದಿಂದ ರಾಜ್ಯದ ಬಹುತೇಕ ಪಟ್ಟಣಗಳಿಗೆ ಹಬ್ಬಿದೆ. ಕಾರ್ಖಾನೆಯ ಬ್ರೆಡ್ಡು ದೇಶದಲ್ಲಿ ಹರಡಿದ್ದು 1965ರಲ್ಲಿ ಕೇಂದ್ರ ಸರ್ಕಾರ ಸ್ಥಾಪಿಸಿದ ಮಾಡರ್ನ್ ಬೇಕರೀಸ್ ಮೂಲಕ. 2000ದಲ್ಲಿ ಅದು ಖಾಸಗಿಯವರ ಪಾಲಾಯಿತು. ಬೇಕರಿ ಬ್ರೆಡ್ಡೂ ಪ್ಯಾಕೆಟ್ ಬ್ರೆಡ್ಡೂ ಪೇಟೆಯಲ್ಲಿ ಸಿಗುವಾಗ ಮನೆಯ ಯಂತ್ರ ದುಡ್ಡು ಉಳಿಸೀತೇ ಎಂಬುದನ್ನು ಕಾಗದದ ಮೇಲೆ ಬರೆದೇ ನೋಡಬೇಕು.

400 ಗ್ರಾಂ ಮೈದಾದಿಂದ ಸುಮಾರು 600 ಗ್ರಾಂ ತೂಕದ ಬ್ರೆಡ್ಡಾಗುತ್ತದೆ. ಮೈದಾಕ್ಕೆ 20 ರೂಪಾಯಿ, ಯೀಸ್ಟಿಗೆ 5, ಹಾಲಿನ ಪುಡಿ, ಸಕ್ಕರೆ, ಎಣ್ಣೆ, ಉಪ್ಪಿಗೆ 12, ಕರೆಂಟಿಗೆ 3 ಎಂದು ಹಿಡಿದರೆ ಒಟ್ಟು 40 ರೂಪಾಯಿ. ಅಂಗಡಿಯ 400 ಗ್ರಾಂ ಬ್ರೆಡ್ಡಿಗೆ 45 ರೂಪಾಯಿ ಎಂದುಕೊಂಡರೆ 600 ಗ್ರಾಂಗೆ ಸುಮಾರು 67 ರೂಪಾಯಿ ಬೀಳುತ್ತದೆ. ಒಂದು ಬ್ರೆಡ್ಡಿಗೆ ಉಳಿತಾಯ 27 ರೂಪಾಯಿ. ಯಂತ್ರಕ್ಕೆ 12,000 ರೂಪಾಯಿ ಕೊಟ್ಟಿದ್ದರೆ ಆ ಹಣ ಹುಟ್ಟಲು 444 ಬ್ರೆಡ್ಡು ಮಾಡಬೇಕು. ವಾರಕ್ಕೆ ಎರಡರಂತೆ ಮಾಡುವ ಮನೆಗೆ ನಾಲ್ಕೂಕಾಲು ವರ್ಷ, ವಾರಕ್ಕೆ ಒಂದಾದರೆ ಎಂಟೂವರೆ ವರ್ಷ, ತಿಂಗಳಿಗೆ ಎರಡಾದರೆ ಹದಿನೆಂಟೂವರೆ ವರ್ಷ. ಅಷ್ಟು ವರ್ಷ ಯಂತ್ರದ ಪಾತ್ರೆಯ ಲೇಪವೇ ಬಾಳುವುದಿಲ್ಲ. ಬೆಲೆಗಳು ಊರಿಂದೂರಿಗೆ, ತಿಂಗಳಿಂದ ತಿಂಗಳಿಗೆ ಬದಲಾಗುವುದರಿಂದ ಅಂಕಿಗಳನ್ನು ಅವರವರೇ ತುಂಬಿಕೊಳ್ಳಬೇಕು, ಲೆಕ್ಕದ ದಾರಿ ಮಾತ್ರ ಇದೇ. ಹಸು ಕಟ್ಟಿದ ಮನೆಯಲ್ಲಿ ಎಣ್ಣೆಯ ಬದಲು ಮನೆ ಬೆಣ್ಣೆ ಹಾಕುತ್ತಾರೆ, ಅದಕ್ಕೆ ಯಾರೂ ಬೆಲೆ ಕಟ್ಟುವುದಿಲ್ಲ. 

ಕರೆಂಟಿನ ಖರ್ಚಿಗೆ ಹೆದರಬೇಕಿಲ್ಲ. ಹೀಟರ್ 500ರಿಂದ 700 ವಾಟ್‌ನದಾದರೂ ಅದು ಹೆಚ್ಚಾಗಿ ಉರಿಯುವುದು ಕೊನೆಯ ಒಂದು ಗಂಟೆ ಮಾತ್ರ, ಅದೂ ಬಿಟ್ಟುಬಿಟ್ಟು. ಒಂದು ಬ್ರೆಡ್ಡಿಗೆ ಅರ್ಧ ಯೂನಿಟ್ಟಿನ ಒಳಗೇ ಮುಗಿಯುತ್ತದೆ. ತಿಂಗಳಿಗೆ ಎಂಟು ಮಾಡಿದರೂ ಮೂರು ನಾಲ್ಕು ಯೂನಿಟ್. ರಾಜ್ಯದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿಯಲ್ಲಿ ಪ್ರತಿ ಮನೆಗೂ ಹಿಂದಿನ ಬಳಕೆಯ ಸರಾಸರಿಯ ಮೇಲೆ ಮಿತಿ ಗೊತ್ತುಮಾಡಿರುವುದರಿಂದ, ಈಗಾಗಲೇ ಆ ಗಡಿಯ ಅಂಚಿನಲ್ಲಿರುವ ಮನೆಗಳು ಮಾತ್ರ ಮೀಟರಿನ ಮೇಲೆ ಕಣ್ಣಿಟ್ಟರೆ ಸಾಕು. 1,500 ವಾಟ್‌ನ ಓವನ್ನಿಗೆ ಪವರ್ ಪ್ಲಗ್ ಬೇಕು. ಬ್ರೆಡ್ ಯಂತ್ರ ಮಿಕ್ಸಿ ಹಾಕುವ ಸಾಧಾರಣ ಪ್ಲಗ್ಗಿನಲ್ಲೇ ನಡೆಯುತ್ತದೆ. ಹಳೆಯ ವೈರಿಂಗಿನ ಮನೆಗೆ ಇದು ಸಣ್ಣ ಅನುಕೂಲವಲ್ಲ.

ತೊಂದರೆ ಇರುವುದು ಕರೆಂಟಿನ ಹದದಲ್ಲಿ. ಸಂಜೆ ಹೊತ್ತು ವೋಲ್ಟೇಜ್ 230ರಿಂದ 180ಕ್ಕೆ ಇಳಿದರೆ ಬಲ್ಬು ಮಂಕಾಗುತ್ತದೆ, ಅಷ್ಟೇ ಎಂದು ಜನ ಸುಮ್ಮನಿರುತ್ತಾರೆ. ಆದರೆ ಹೀಟರಿನ ಶಾಖ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಕುಗ್ಗುತ್ತದೆ. 180ರಲ್ಲಿ ಅದು ಕೊಡುವ ಶಾಖ ಪೂರ್ಣ ಶಾಖದ ಶೇ 61ರಷ್ಟು ಮಾತ್ರ. ಅಗ್ಗದ ಯಂತ್ರ ಗಡಿಯಾರ ನೋಡಿಕೊಂಡು ಬೇಯಿಸುತ್ತದೆ, ಬ್ರೆಡ್ಡು ನೋಡಿಕೊಂಡಲ್ಲ. ಹೊತ್ತು ಮುಗಿಯಿತೆಂದು ಅದು ಕೂಗುವಾಗ ಮೇಲ್ಭಾಗ ಬಿಳಿಚಿಕೊಂಡು, ನಡುವೆ ಅಂಟಂಟಾಗಿ ಉಳಿದಿರುತ್ತದೆ. ಇನ್ನು ಕರೆಂಟೇ ಹೋದರೆ, ಕೆಲವು ಮಾದರಿಗಳು ಹತ್ತು ನಿಮಿಷದವರೆಗೆ ಎಲ್ಲಿಗೆ ನಿಂತಿತ್ತೆಂದು ನೆನಪಿಟ್ಟು ಮುಂದುವರಿಸುತ್ತವೆ. ನೆನಪಿಲ್ಲದವು ಮತ್ತೆ ಗುಂಡಿ ಒತ್ತಿದರೆ ಮೊದಲಿನಿಂದ ನಾದಲು ಶುರುಮಾಡುತ್ತವೆ, ಅರ್ಧ ಬೆಂದ ಹಿಟ್ಟಿನ ಮೇಲೆ. ಅಂಗಡಿಯಲ್ಲಿ ಬಣ್ಣ, ಗಾಜಿನ ಕಿಟಕಿ, ಹತ್ತೊಂಬತ್ತು ಬಗೆಯ ಮೆನು ತೋರಿಸುವಾಗ ಕೇಳಬೇಕಾದ ಮೊದಲ ಪ್ರಶ್ನೆ ಇದು: ಕರೆಂಟು ಹೋಗಿ ಬಂದರೆ ಎಷ್ಟು ನಿಮಿಷ ನೆನಪಿಡುತ್ತದೆ? ಲೈಟು, ಫ್ಯಾನಿಗೆಂದು ಹಾಕಿಸಿದ ಸಣ್ಣ ಯುಪಿಎಸ್ ನಾದುವ ಮೋಟರನ್ನು ತಿರುಗಿಸೀತು, ಹೀಟರ್ ಹೊತ್ತಿಕೊಂಡ ಕೂಡಲೇ ಓವರ್‌ಲೋಡ್ ಎಂದು ಚೀರುತ್ತದೆ. ಬೇಸಿಗೆಯ ಲೋಡ್‌ಶೆಡ್ಡಿಂಗಿನಲ್ಲಿ ಯಂತ್ರದಿಂದ ನಾದಿಸಿ, ಬೇಯಿಸುವುದಕ್ಕೆ ಗ್ಯಾಸನ್ನೇ ನಂಬುವುದು ಜಾಣತನ.

ಹಿಟ್ಟು, ನೀರು, ಬಿಸಿಲು

ಬ್ರೆಡ್ಡು ಉಬ್ಬಿ ನಿಲ್ಲುವುದು ಗೋಧಿಯಲ್ಲಿರುವ ಗ್ಲುಟೆನ್ ಎಂಬ ಅಂಟಿನ ಬಲೆಯಿಂದ. ಯೀಸ್ಟ್ ಸಕ್ಕರೆಯನ್ನು ತಿಂದು ಬಿಡುವ ಗಾಳಿ ಆ ಬಲೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಮೈದಾದಲ್ಲಿ ಬಲೆ ಸಲೀಸಾಗಿ ಹೆಣೆಯುತ್ತದೆ. ಇಡೀ ಗೋಧಿಯ ಹಿಟ್ಟಿನಲ್ಲಿರುವ ಬೂಸಾದ ಚೂರುಗಳು ಬಲೆಯನ್ನು ಅಲ್ಲಲ್ಲಿ ಹರಿಯುತ್ತವೆ. ಅದಕ್ಕೇ ಗೋಧಿ ಬ್ರೆಡ್ಡು ಗಿಡ್ಡ, ತೂಕ ಹೆಚ್ಚು. ಕಲ್ಲಿನ ಗಿರಣಿಯಲ್ಲಿ ಬೀಸುವಾಗ ಪಿಷ್ಟದ ಕಣಗಳು ಜಜ್ಜಿಹೋಗುವುದರಿಂದ ನಮ್ಮ ಚಪಾತಿ ಹಿಟ್ಟು ನೀರನ್ನು ವಿಪರೀತ ಕುಡಿಯುತ್ತದೆ. ಯಂತ್ರದ ಜೊತೆ ಬರುವ ಪುಸ್ತಕ ಹೆಚ್ಚಾಗಿ ಹೊರದೇಶದ ಹಿಟ್ಟಿನ ಲೆಕ್ಕ ಹಿಡಿದು ಬರೆದದ್ದು. ಅದರಂತೆ ನೀರು ಹಾಕಿದರೆ ಬರುವುದು ಬ್ರೆಡ್ಡಲ್ಲ, ಇಟ್ಟಿಗೆ. 400 ಗ್ರಾಂ ಮೈದಾಕ್ಕೆ 250 ಮಿಲಿ ನೀರು ಸಾಕಾದರೆ, ಅಷ್ಟೇ ಗೋಧಿ ಹಿಟ್ಟಿಗೆ 300ರಿಂದ 320 ಮಿಲಿ ಬೇಕಾಗುತ್ತದೆ.

ಊರಿನ ಮಿಲ್ಲಿನಲ್ಲಿ ಹಿಟ್ಟು ಮಾಡಿಸುವವರು ಇನ್ನೊಂದನ್ನು ಗಮನಿಸಬೇಕು. ಮುಂದಿನವರ ರಾಗಿ ಬೀಸಿದ ಕಲ್ಲಿಗೇ ಗೋಧಿ ಸುರಿದರೆ ಮೊದಲ ಸೇರಿನಲ್ಲಿ ರಾಗಿ ಬೆರೆತಿರುತ್ತದೆ. ಚಪಾತಿಗೆ ಅದು ನಡೆದುಹೋಗುತ್ತದೆ, ಬ್ರೆಡ್ಡಿಗೆ ಹೊಡೆತ. ಗೋಧಿ ಬೀಸುತ್ತಿರುವ ಹೊತ್ತಿಗೇ ಸರದಿ ಹಿಡಿಯುವುದು, ಮಿಲ್ಲಿನಿಂದ ಬಿಸಿಬಿಸಿಯಾಗಿ ಬಂದ ಹಿಟ್ಟನ್ನು ಹರಡಿ ಆರಿಸಿಕೊಳ್ಳುವುದು, ಒಮ್ಮೆ ಜರಡಿ ಆಡುವುದು ಈ ಮೂರರಿಂದ ಬ್ರೆಡ್ಡು ಎರಡು ಬೆರಳು ಎತ್ತರ ಏಳುತ್ತದೆ. ಧಾರವಾಡದ ಕಡೆಯ ಜವೆ ಗೋಧಿ ಹೋಳಿಗೆ, ಮಾದಲಿಗೆ ಹೇಳಿ ಮಾಡಿಸಿದ್ದು. ಬ್ರೆಡ್ಡಿಗೆ ಅದರ ಅಂಟು ಸಾಲದು.

ರಾಗಿಯಲ್ಲಿ ಈ ಅಂಟು ಇಲ್ಲವೇ ಇಲ್ಲ. ಯಂತ್ರ ಎಷ್ಟೇ ದುಬಾರಿಯದಾದರೂ ಬರೀ ರಾಗಿಯಿಂದ ಬ್ರೆಡ್ಡು ಉಬ್ಬಿಸಲಾರದು. 300 ಗ್ರಾಂ ಮೈದಾಕ್ಕೆ 100 ಗ್ರಾಂ ರಾಗಿ ಹಿಟ್ಟು ಬೆರೆಸಿದರೆ ಬಣ್ಣ, ಘಮ ಎರಡೂ ಬಂದು ಹದವೂ ಉಳಿಯುತ್ತದೆ. ರಾಗಿ ಅದಕ್ಕಿಂತ ಹೆಚ್ಚಿದಷ್ಟೂ ಬ್ರೆಡ್ಡು ಪುಡಿಪುಡಿಯಾಗುತ್ತದೆ. ಪ್ಯಾಕೆಟ್ ಮೇಲೆ ದೊಡ್ಡದಾಗಿ ರಾಗಿ ಎಂದೋ ಬ್ರೌನ್ ಎಂದೋ ಬರೆದಿರುವ ಬ್ರೆಡ್ಡು ತರುವವರು ಹಿಂಬದಿಯ ಸಣ್ಣಕ್ಷರ ಓದಬೇಕು: ಮೊದಲ ಹೆಸರು ಮೈದಾ ಎಂದಿದ್ದರೆ ಅದು ಮೈದಾ ಬ್ರೆಡ್ಡೇ. ಮನೆಯಲ್ಲಿ ಮಾಡಿದ್ದರಲ್ಲಿ ಏನು ಎಷ್ಟಿದೆ ಎಂದು ಗೊತ್ತಿರುತ್ತದೆ ಎನ್ನುವುದು ಯಂತ್ರದ ಪರವಾಗಿ ಹೇಳಬಹುದಾದ ಗಟ್ಟಿ ಮಾತುಗಳಲ್ಲಿ ಒಂದು. ಬ್ರೆಡ್ಡಿನ ಹಿಟ್ಟು ಸುಧಾರಿಸಲು ಬಳಸುತ್ತಿದ್ದ ಪೊಟ್ಯಾಶಿಯಂ ಬ್ರೋಮೇಟನ್ನು ಭಾರತದಲ್ಲಿ ನಿಷೇಧಿಸಿದ್ದು 2016ರಲ್ಲಿ. ಹಾಗಾಗಿ ಅದರ ಹೆಸರು ಹೇಳಿ ಹೆದರಿಸುವ ಜಾಹೀರಾತಿಗೆ ಈಗ ಬೆಲೆ ಕೊಡಬೇಕಿಲ್ಲ.

ನೀರಿನ ವಿಷಯಕ್ಕೆ ಬಂದರೆ, ಆಳದ ಕೊಳವೆಬಾವಿಯ ಗಡಸು ನೀರು ಹಿಟ್ಟನ್ನು ಬಿಗಿ ಮಾಡುತ್ತದೆ, ಹುದುಗನ್ನು ನಿಧಾನಿಸುತ್ತದೆ. ಬೇಳೆ ಬೇಯದ ನೀರು ಬ್ರೆಡ್ಡಿಗೂ ಆಗದು ಎಂದು ತಿಳಿದರೆ ಸಾಕು. ಶುದ್ಧ ಕುಡಿಯುವ ನೀರಿನ ಘಟಕದಿಂದ ಕ್ಯಾನಿನಲ್ಲಿ ತಂದ ನೀರನ್ನೇ ಬಳಸಬೇಕು.

ಬಿಸಿಲೂ ಲೆಕ್ಕಕ್ಕೆ ಬರುತ್ತದೆ. ಮಾರ್ಚಿನಿಂದ ಮೇವರೆಗೆ ಅಡುಗೆಮನೆಯ ಸೆಕೆಯೇ 35 ಡಿಗ್ರಿ ಮುಟ್ಟಿರುವಾಗ, ನಾದುವ ಘರ್ಷಣೆಯಿಂದ ಹಿಟ್ಟು ಇನ್ನಷ್ಟು ಬಿಸಿಯಾಗುತ್ತದೆ. ಯೀಸ್ಟ್ ಅವಸರ ಮಾಡಿ, ಹಿಟ್ಟು ಹೊತ್ತಿಗೆ ಮೊದಲೇ ತುಂಬ ಉಬ್ಬಿ, ಬೇಯುವ ಹೊತ್ತಿಗೆ ನೆತ್ತಿ ಕುಸಿದು ಕುಳಿ ಬೀಳುತ್ತದೆ. ಬೇಸಿಗೆಯಲ್ಲಿ ಮಣ್ಣಿನ ಗಡಿಗೆಯ ತಣ್ಣೀರು ಹಾಕಿ ಯೀಸ್ಟಿನಲ್ಲಿ ಕಾಲುಭಾಗ ಕಡಿಮೆ ಮಾಡುವುದು, ಡಿಸೆಂಬರ್ ಚಳಿಯಲ್ಲಿ ಉಗುರುಬೆಚ್ಚಗಿನ ನೀರು ಬಳಸುವುದು ಇದಕ್ಕೆ ಮದ್ದು. ರಾತ್ರಿ ತುಂಬಿಟ್ಟು ಬೆಳಿಗ್ಗೆ ಬಿಸಿ ಬ್ರೆಡ್ಡು ತಿನ್ನಬಹುದು ಎಂದು ಟೈಮರನ್ನು ಹೊಗಳುವುದುಂಟು. ಚಳಿಗಾಲಕ್ಕೆ ಅದು ಸರಿ. ಬೇಸಿಗೆಯಲ್ಲಿ ಹಾಗೆ ಹಾಲು, ಮೊಸರು ಹಾಕಿ ಬಿಟ್ಟರೆ ಬೆಳಗಾಗುವ ಮೊದಲೇ ಹುಳಿಯುತ್ತವೆ. ಹಾಲಿನ ಪುಡಿ ಹಾಕುವುದೇ ಸರಿ, ಯೀಸ್ಟ್ ನೀರಿಗೆ ತಾಗದಂತೆ ಹಿಟ್ಟಿನ ಮೇಲಿನ ಗುಳಿಯಲ್ಲೇ ಇರಬೇಕು.

ಮಾಡುವ ಕ್ರಮ ಸರಳ. ಪಾತ್ರೆಗೆ ರೆಕ್ಕೆ ಕೂರಿಸಿ 250 ಮಿಲಿ ನೀರು, ಅದಕ್ಕೆ 7 ಗ್ರಾಂ ಉಪ್ಪು, 20 ಗ್ರಾಂ ಸಕ್ಕರೆ, 15 ಗ್ರಾಂ ಎಣ್ಣೆ ಅಥವಾ ಬೆಣ್ಣೆ, ಮೇಲೆ 400 ಗ್ರಾಂ ಮೈದಾ, 10 ಗ್ರಾಂ ಹಾಲಿನ ಪುಡಿ, ನಡುವೆ ಗುಳಿ ತೋಡಿ 5 ಗ್ರಾಂ ಇನ್‌ಸ್ಟಂಟ್ ಯೀಸ್ಟ್. ಉಪ್ಪು ಯೀಸ್ಟಿಗೆ ನೇರವಾಗಿ ತಾಗಬಾರದು. ಲೋಟ, ಚಮಚದ ಅಂದಾಜು ಇಲ್ಲಿ ಸಲ್ಲದು, 300 ರೂಪಾಯಿಯ ಆಸುಪಾಸಿನ ಸಣ್ಣ ಡಿಜಿಟಲ್ ತಕ್ಕಡಿ ಯಂತ್ರದಷ್ಟೇ ಮುಖ್ಯ. ನಾದಲು ಶುರುವಾದ ಐದನೆಯ ನಿಮಿಷಕ್ಕೆ ಮುಚ್ಚಳ ತೆಗೆದು ನೋಡಲೇಬೇಕು. ಹಿಟ್ಟು ಚಪಾತಿಯದಕ್ಕಿಂತ ಮೆತ್ತಗೆ, ಒಬ್ಬಟ್ಟಿನ ಕಣಕಕ್ಕಿಂತ ಗಟ್ಟಿಯಾಗಿ, ಒಂದೇ ಉಂಡೆಯಾಗಿ ಗೋಡೆ ಬಿಟ್ಟು ತಿರುಗುತ್ತಿರಬೇಕು. ಎರಡು ಮೂರು ತುಂಡಾಗಿ ಕುಲುಕುತ್ತಿದ್ದರೆ ಒಂದು ಚಮಚ ನೀರು; ತಳಕ್ಕೆ ಬಳಿದುಕೊಂಡಿದ್ದರೆ ಒಂದು ಚಮಚ ಹಿಟ್ಟು. ಯಂತ್ರಕ್ಕೆ ಬರದ ಕೆಲಸ ಇದೊಂದೇ. ಚಪಾತಿ ಹಿಟ್ಟು ಕಲಸಿ ಪಳಗಿದ ಕೈ ಇದ್ದವರಿಗೆ ಪುಸ್ತಕವೇ ಬೇಡ.

ಬೆಂದ ಬ್ರೆಡ್ಡನ್ನು ತಂತಿಯ ಜಾಲರಿಯ ಮೇಲೆ ಒಂದು ಗಂಟೆ ಆರಿಸಿಯೇ ಕೊಯ್ಯಬೇಕು. ಅಂಗಡಿಯ ಬ್ರೆಡ್ಡಿಗೆ ಬೂಷ್ಟು ಹಿಡಿಯದಂತೆ ಕ್ಯಾಲ್ಸಿಯಂ ಪ್ರೊಪಿಯೊನೇಟ್ ಹಾಕಿರುತ್ತಾರೆ; ಮನೆಯದಕ್ಕೆ ಅದಿಲ್ಲ. ಎರಡು ಮೂರು ದಿನ ಅದರ ಆಯುಷ್ಯ, ಮಳೆಗಾಲದಲ್ಲಿ ಅಷ್ಟೂ ಇಲ್ಲ. ಫ್ರಿಜ್ಜಿನ ಕೆಳಭಾಗದಲ್ಲಿಟ್ಟರೆ ಬೂಷ್ಟು ತಡವಾದರೂ ಬ್ರೆಡ್ಡು ಬೇಗ ಒಣಗುತ್ತದೆ, ಏಕೆಂದರೆ ಆ ತಂಪಿನಲ್ಲಿ ಪಿಷ್ಟ ಬೇಗ ಗಟ್ಟಿಯಾಗುತ್ತದೆ. ಹೋಳು ಮಾಡಿ ಫ್ರೀಜರಿನಲ್ಲಿಟ್ಟು, ಬೇಕಾದಾಗ ನೇರವಾಗಿ ಹೆಂಚಿಗೆ ಹಾಕುವುದು ಒಳ್ಳೆಯದು. ಉಳಿದದ್ದಕ್ಕೆ ಬ್ರೆಡ್ ಉಪ್ಪಿಟ್ಟು ಇದ್ದೇ ಇದೆ.

ನಾದುವ ಯಂತ್ರವಾಗಿ

ನಮ್ಮ ದೇಶದಲ್ಲಿ ಈ ಯಂತ್ರವನ್ನು ಮಾರುವವರು ಒಂದು ಮಾತನ್ನು ಬೇಗ ಅರ್ಥಮಾಡಿಕೊಂಡರು: ಇಲ್ಲಿ ಬ್ರೆಡ್ಡಿನ ಹೆಸರು ಹೇಳಿದರೆ ಗಿರಾಕಿ ಬರುವುದಿಲ್ಲ, ಚಪಾತಿಯ ಹೆಸರು ಹೇಳಬೇಕು. ಪೆಟ್ಟಿಗೆಯ ಮೇಲೆ ‘ಆಟಾ ಅಂಡ್ ಬ್ರೆಡ್ ಮೇಕರ್’ ಎಂದು ಆಟಾ ಮುಂದೆ ಬಂದದ್ದು ಹಾಗೆ. 2020ರಲ್ಲಿ ಇಂಥ ಒಂದು ಜಾಹೀರಾತು, ಮನೆಗೆಲಸದವರ ಕೈಯಲ್ಲಿ ಸೋಂಕಿರಬಹುದು, ಅವರಿಂದ ಹಿಟ್ಟು ಕಲಸಿಸಬೇಡಿ ಎಂಬರ್ಥದಲ್ಲಿ ಬಂದು, ಜನರ ಸಿಟ್ಟಿಗೆ ಗುರಿಯಾಗಿ, ಹಿಂದಕ್ಕೆ ಹೋಯಿತು. ಜಾಹೀರಾತು ಕೆಟ್ಟದ್ದಾದರೂ ಯಂತ್ರದ ಆ ಉಪಯೋಗ ಸುಳ್ಳಲ್ಲ.

ಹತ್ತು ಹನ್ನೆರಡು ಚಪಾತಿ ಮಾಡುವ ಮನೆಗೆ ಯಂತ್ರ ಭಾರ. ಕೈಯಲ್ಲಿ ಏಳೆಂಟು ನಿಮಿಷಕ್ಕೆ ಮುಗಿಯುವ ಕೆಲಸಕ್ಕೆ ಯಂತ್ರ ಹದಿನೈದು ನಿಮಿಷ ತೆಗೆದುಕೊಂಡು, ಮೇಲೆ ಪಾತ್ರೆ ತೊಳೆಯುವ ಕೆಲಸವನ್ನೂ ಕೊಡುತ್ತದೆ. ಮೂವತ್ತು ಚಪಾತಿಯ ಮನೆಯಲ್ಲಿ, ಅಥವಾ ಬೆರಳ ಗಂಟು ನೋವಿನಿಂದ ಹಿಟ್ಟು ನಾದಲಾಗದವರ ಮನೆಯಲ್ಲಿ ಅದೇ ಯಂತ್ರ ದಿನವೂ ಕೆಲಸಕ್ಕೆ ಬರುತ್ತದೆ. ಹೆಚ್ಚಿನ ಮಾದರಿಗಳು ಒಮ್ಮೆಗೆ ಐದಾರು ನೂರು ಗ್ರಾಂ ಹಿಟ್ಟು ಹಿಡಿಯುತ್ತವೆ. ಕಾಲು ಕೆಜಿಗಿಂತ ಕಡಿಮೆ ಹಾಕಿದರೆ ರೆಕ್ಕೆ ಸುಮ್ಮನೆ ಸುತ್ತುತ್ತದೆ.

ಯಂತ್ರ ನಿಜಕ್ಕೂ ಗೆಲ್ಲುವುದು ಹೋಳಿಗೆಯ ಕಣಕದಲ್ಲಿ. ಮೈದಾ, ಚಿರೋಟಿ ರವೆ, ಚಿಟಿಕೆ ಅರಿಶಿನ, ನೀರು ಹಾಕಿ ತಿರುಗಲು ಬಿಟ್ಟು, ಮಧ್ಯೆ ಮಧ್ಯೆ ಎಣ್ಣೆ ಬಿಡುತ್ತ ಹೋದರೆ ಅರ್ಧ ಗಂಟೆಯಲ್ಲಿ ರಬ್ಬರಿನಂತೆ ಎಳೆಯಬಹುದಾದ ಕಣಕ ಬರುತ್ತದೆ. ಯುಗಾದಿಯ ಹಿಂದಿನ ದಿನ ಕಣಕ ನಾದಿ ನಾದಿ ರಟ್ಟೆ ಸೋತವರಿಗೆ ಇದರ ಬೆಲೆ ಗೊತ್ತಾಗುತ್ತದೆ. ಆದರೆ ಅದು ವರ್ಷಕ್ಕೆ ನಾಲ್ಕು ದಿನದ ಮಾತು. ರಾಗಿಮುದ್ದೆ, ಅಕ್ಕಿರೊಟ್ಟಿಯ ಹಿಟ್ಟು ಈ ಯಂತ್ರದ ಕೈಲಿ ಆಗದ ಕೆಲಸ. ಕುದಿಯುವ ನೀರಿನಲ್ಲಿ ಬೆಂದ ಪಿಷ್ಟವನ್ನು ಕೋಲಿನಿಂದ ತೊಳಸುವುದಕ್ಕೆ ಬೇರೆಯೇ ಬಲ ಬೇಕು. ಮುದ್ದೆಗೆಂದೇ ಮೈಸೂರಿನ ಆಹಾರ ತಂತ್ರಜ್ಞಾನ ಸಂಸ್ಥೆ ಸಿಎಫ್‌ಟಿಆರ್‌ಐ ಯಂತ್ರ ರೂಪಿಸಿದೆ, ಅದು ಹೋಟೆಲು, ಹಾಸ್ಟೆಲುಗಳ ಅಳತೆಯದು.

ನಾದುವುದಷ್ಟೇ ಬೇಕಿದ್ದರೆ ಬೇರೆ ದಾರಿಯೂ ಇದೆ. ದೋಸೆ, ಇಡ್ಲಿಗೆಂದು ಮನೆಯಲ್ಲಿರುವ ಟೇಬಲ್‌ಟಾಪ್ ಗ್ರೈಂಡರುಗಳಲ್ಲಿ ಹಲವಕ್ಕೆ ಹಿಟ್ಟು ಕಲಸುವ ಜೋಡಣೆ ಜೊತೆಗೇ ಬಂದಿರುತ್ತದೆ, ತೆಂಗಿನಕಾಯಿ ತುರಿಯುವುದರ ಪಕ್ಕದಲ್ಲಿ ಪ್ಲಾಸ್ಟಿಕ್ ಹೊದಿಕೆ ಸಹ ತೆಗೆಯದೆ ಅಟ್ಟ ಸೇರಿರುತ್ತದೆ. ಅದನ್ನು ಕೆಳಗಿಳಿಸಿ ಒಮ್ಮೆ ಪರೀಕ್ಷಿಸಿದರೆ ಹನ್ನೆರಡು ಸಾವಿರ ಉಳಿದರೂ ಉಳಿಯಬಹುದು. ನಾದಿ ಉಬ್ಬಿಸಿದ ಹಿಟ್ಟನ್ನು ಬೇಯಿಸಲು ಓವನ್ ಇದ್ದರೆ ಬನ್ನು, ಬಿಸ್ಕತ್ತು, ಕೇಕೂ ಆಗುತ್ತದೆ. ಬ್ರೆಡ್ ಯಂತ್ರದಲ್ಲಿ ಬನ್ನು ಬೇಯುವುದಿಲ್ಲ. ಓವನ್ನೂ ಇಲ್ಲದವರು ದಪ್ಪ ತಳದ ಪಾತ್ರೆಯಲ್ಲಿ ಮರಳೋ ಉಪ್ಪೋ ಹರಡಿ, ಸ್ಟ್ಯಾಂಡ್ ಇಟ್ಟು, ಮುಚ್ಚಿ ಬೇಯಿಸಬಹುದು. ಮೇಲ್ಭಾಗ ಕೆಂಪಾಗುವುದಿಲ್ಲ, ರುಚಿಗೆ ಕೊರತೆಯಿಲ್ಲ.

ಯಾರಿಗೆ, ಯಾವುದು

ಹೀಗಾಗಿ ಕೊಳ್ಳುವ ಮೊದಲು ಮನೆಯನ್ನೇ ಒಂದು ತಿಂಗಳು ಪರೀಕ್ಷಿಸುವುದು ಒಳ್ಳೆಯದು. ಗ್ರೈಂಡರಿನಲ್ಲೋ ಕೈಯಲ್ಲೋ ನಾದಿ, ವಾರಕ್ಕೆರಡು ಬ್ರೆಡ್ಡು ಮಾಡಬೇಕು. ಎಂಟೂ ಮುಗಿದು ಒಂಬತ್ತನೆಯದಕ್ಕೆ ಮಕ್ಕಳು ಕೇಳಿದರೆ ಯಂತ್ರ ತರಬಹುದು. ಮೂರನೇ ವಾರಕ್ಕೇ ಉತ್ಸಾಹ ಇಳಿದರೆ ಖರ್ಚಾದದ್ದು ಎರಡು ಕೆಜಿ ಮೈದಾ ಮಾತ್ರ. ಪೇಟೆಯಿಂದ ದೂರದ ತೋಟದ ಮನೆಯವರು, ಮೊಟ್ಟೆ, ಹಾಲು ಅಥವಾ ಇನ್ನಾವುದೋ ಪದಾರ್ಥ ಒಗ್ಗದವರಿರುವ ಮನೆಯವರು, ದಿನವೂ ಚಪಾತಿ ಬೇಯುವ ದೊಡ್ಡ ಮನೆಯವರು, ಇವರಿಗೆ ಯಂತ್ರ ದಕ್ಕುತ್ತದೆ. ಜ್ವರಕ್ಕೆ ಮಾತ್ರ ಬ್ರೆಡ್ಡು ತರುವ ಮನೆಗೆ ಬೇಡವೇ ಬೇಡ. ಗ್ಲುಟೆನ್ ಆಗದ ರೋಗಿಗಳಿರುವ ಮನೆಯಲ್ಲಿ ಗೋಧಿ ತಾಗಿದ ಪಾತ್ರೆಯನ್ನು ಅವರಿಗೆ ಬಳಸುವಂತಿಲ್ಲ ಎಂಬುದನ್ನೂ ನೆನಪಿಡಬೇಕು.

ಸ್ವಸಹಾಯ ಸಂಘಗಳಲ್ಲಿ ಬ್ರೆಡ್ಡು ಮಾಡಿ ಮಾರುವ ಯೋಚನೆ ಆಗಾಗ ಬರುತ್ತದೆ. ಅದಕ್ಕೆ ಈ ಯಂತ್ರ ತಕ್ಕದ್ದಲ್ಲ. ನಾಲ್ಕು ಗಂಟೆಗೊಂದು ಬ್ರೆಡ್ಡಿನ ವೇಗದಲ್ಲಿ ಹಗಲೆಲ್ಲ ದುಡಿದರೂ ಮೂರು ಬ್ರೆಡ್ಡಾಗುತ್ತದೆ. ಮಾರುವವರಿಗೆ ಬೇಕಿರುವುದು ಸ್ಪೈರಲ್ ಮಿಕ್ಸರ್, ಡೆಕ್ ಓವನ್ ಮತ್ತು ಎಫ್‌ಎಸ್‌ಎಸ್‌ಎಐ ನೋಂದಣಿ. ಕೆಲಸ ಕಲಿಯಲು ಬೆಂಗಳೂರಿನ ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾನಿಲಯದ ಬೇಕರಿ ತರಬೇತಿ ಇದೆ. ಸಣ್ಣ ಆಹಾರ ಉದ್ದಿಮೆಗಳಿಗೆಂದು 2020ರಲ್ಲಿ ಬಂದ ಕೇಂದ್ರದ ಪಿಎಂಎಫ್‌ಎಂಇ ಯೋಜನೆಯಲ್ಲಿ ಯಂತ್ರಗಳಿಗೆ ಶೇ 35ರ ಸಹಾಯಧನಕ್ಕೆ ಅವಕಾಶ ಮಾಡಲಾಯಿತು.

ಕೊಳ್ಳುವುದೇ ಖಚಿತವಾದರೆ, ಮೆನು ಎಷ್ಟು ಎಂದು ಎಣಿಸುವ ಬದಲು ಪಾತ್ರೆಯನ್ನು ಕೈಗೆತ್ತಿ ನೋಡಬೇಕು. ದಪ್ಪ ಅಲ್ಯೂಮಿನಿಯಂ ಪಾತ್ರೆ ಶಾಖವನ್ನು ಸಮನಾಗಿ ಹರಡುತ್ತದೆ, ತಗಡಿನದು ಮೂಲೆ ಸುಡುತ್ತದೆ. ಬರೀ ಹಿಟ್ಟು ಕಲಸುವುದಕ್ಕೆ ಬೇರೆ ಮೆನು, ಬರೀ ಬೇಯಿಸುವುದಕ್ಕೆ ಬೇರೆ ಮೆನು ಇರಲೇಬೇಕು. ಎರಡನೆಯದಿದ್ದರೆ ವೋಲ್ಟೇಜ್ ಕೈಕೊಟ್ಟ ದಿನ ಇನ್ನೂ ಇಪ್ಪತ್ತು ನಿಮಿಷ ಬೇಯಿಸಿ ಬ್ರೆಡ್ಡು ಉಳಿಸಿಕೊಳ್ಳಬಹುದು. ಪಾತ್ರೆ, ರೆಕ್ಕೆ ಬಿಡಿಯಾಗಿ ಸಿಗುತ್ತವೆಯೇ, ಹತ್ತಿರದ ಸರ್ವಿಸ್ ಸೆಂಟರ್ ಎಲ್ಲಿ ಎಂದು ಬಿಲ್ಲು ಹಾಕಿಸುವ ಮೊದಲೇ ಕೇಳಬೇಕು. ಮೋಟರಿನ ಬೆಲ್ಟು, ಕೆಪಾಸಿಟರ್ ಹೋದರೆ ಕಡೂರು, ತರೀಕೆರೆಯ ಮಿಕ್ಸಿ ರಿಪೇರಿಯವರು ಸರಿಮಾಡಿಯಾರು. ಪಾತ್ರೆಯ ತಳದ ಸೀಲ್ ಹೋಗಿ ನೀರು ಸೋರತೊಡಗಿದರೆ ಆ ಕಂಪನಿಯದೇ ಪಾತ್ರೆ ಆಗಬೇಕು.

ಯಾರದೋ ಅಟ್ಟದಲ್ಲಿ ಕೂತಿರುವ ಹಳೆಯ ಯಂತ್ರ ಅರ್ಧ ಬೆಲೆಗೆ ಸಿಗುವುದೂ ಉಂಟು. ಹಾಗೆ ತರುವಾಗ ಪಾತ್ರೆಗೆ ಒಂದು ಲೋಟ ನೀರು ಹಾಕಿ ಹಾಳೆಯ ಮೇಲೆ ಹತ್ತು ನಿಮಿಷ ಇಟ್ಟು, ಹಾಳೆ ಒದ್ದೆಯಾಯಿತೇ ನೋಡಬೇಕು. ಒಳಲೇಪ ಎದ್ದಿದ್ದರೆ ಬಿಡಬೇಕು. ಹೊರದೇಶದಿಂದ ನೆಂಟರು ತಂದುಕೊಟ್ಟದ್ದಾದರೆ ಹಿಂಬದಿಯ ಚೀಟಿಯಲ್ಲಿ 100, 110 ಅಥವಾ 120 ವೋಲ್ಟ್ ಎಂದಿದೆಯೇ ಎಂದು ನೋಡದೆ ಪ್ಲಗ್ಗಿಗೆ ಹಾಕಬಾರದು. ಅಮೆರಿಕ, ಜಪಾನಿನ ಯಂತ್ರಗಳು ನಮ್ಮ ಕರೆಂಟಿಗೆ ಒಂದೇ ಕ್ಷಣದಲ್ಲಿ ಸುಟ್ಟುಹೋಗುತ್ತವೆ.

ಬಳಸಿದ ಮೇಲೆ ಪಾತ್ರೆಗೆ ಬಿಸಿನೀರು ತುಂಬಿ ಕಾಲು ಗಂಟೆ ಬಿಟ್ಟರೆ ರೆಕ್ಕೆ ತಾನಾಗಿ ಸಡಿಲವಾಗುತ್ತದೆ. ಸ್ಟೀಲಿನ ಚಮಚ, ಕಬ್ಬಿಣದ ಜುಂಗು ತಾಗಿಸಬಾರದು. ರೆಕ್ಕೆ ಬ್ರೆಡ್ಡಿನೊಳಗೆ ಹೋಗಿದ್ದರೆ ಮರದ ಸೌಟಿನ ಹಿಡಿಯಿಂದ ತೆಗೆದು, ಕೂಡಲೇ ತೊಳೆದು, ಪಾತ್ರೆಯೊಳಕ್ಕೇ ಹಾಕಿಡಬೇಕು. ಬ್ರೆಡ್ಡಿನ ಚೂರುಗಳ ಜೊತೆ ಕಸದ ಬುಟ್ಟಿಗೋ ಹಸುವಿನ ಬಾನಿಗೋ ಅದು ಹೋಗಿಬಿಟ್ಟರೆ, ಇನ್ನೊಂದು ರೆಕ್ಕೆ ಬರುವವರೆಗೆ ಯಂತ್ರ ಸುಮ್ಮನೆ ಕೂರುತ್ತದೆ.